ತಟ್ಟೆ ಬಡಿದ ಕೈ ತಟ್ಟೆ ಎಸೆಯಲಿ

ಹಾಸ್ಟೆಲಿನಲ್ಲಿ ಅನ್ನ ಹಳಸಿದಾಗ, ಸಾರು ನೀರಾದಾಗ ನಾವೇನು ಮಾಡುತ್ತೇವೆ? ತಟ್ಟೆ ಬಡಿಯುತ್ತೇವೆ. ಬೀದಿಗೆ ಬರುತ್ತೇವೆ. ಈಗ ಇನ್ನೊಂದು ತಟ್ಟೆಯ ವಿಷಯ ಮಾತಾಡಬೇಕಾಗಿದೆ. ನಗಬೇಡಿ, ಕೇಳಿ.

ಡಿಸ್ಕ್ ಗಾಲ್ಫ್ ಅಂತ ಒಂದು ಆಟ. ಕೋಲಿಲ್ಲ, ಚೆಂಡಿಲ್ಲ. ಊಟದ ತಟ್ಟೆಗಿಂತ ಚಿಕ್ಕದಾದ ಒಂದು ಪ್ಲಾಸ್ಟಿಕ್ ತಟ್ಟೆ. ಅದನ್ನು ಮರಗಳ ನಡುವೆ ಎಸೆಯುತ್ತ ಹೋಗಿ, ಸರಪಳಿ ಇಳಿಬಿಟ್ಟ ಕಬ್ಬಿಣದ ಬುಟ್ಟಿಗೆ ಬೀಳಿಸಬೇಕು. ಯಾರು ಕಡಿಮೆ ಎಸೆತದಲ್ಲಿ ಮುಗಿಸ್ತಾರೋ ಅವರು ಗೆದ್ದರು. ಒಂಬತ್ತು ಬುಟ್ಟಿ, ಇಲ್ಲಾ ಹದಿನೆಂಟು. 1975ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಎಡ್ ಹೆಡ್ರಿಕ್ ಎಂಬಾತ ಇದರ ಮೊದಲ ಕಾಯಂ ಅಂಕಣ ಮಾಡಿದ್ದು ಓಕ್ ಗ್ರೋವ್ ಎಂಬ ಸಾರ್ವಜನಿಕ ಪಾರ್ಕಿನಲ್ಲಿ. ಕ್ಲಬ್ಬಿನಲ್ಲಲ್ಲ. ಇವತ್ತಿಗೂ ಅಲ್ಲಿನ ಬಹುಪಾಲು ಅಂಕಣಗಳಿಗೆ ಟಿಕೆಟ್ಟಿಲ್ಲ.

ಇಂಥ ಅಂಕಣ ನಂಜನಗೂಡಿನ, ತಿ. ನರಸೀಪುರದ ಪಾರ್ಕುಗಳಲ್ಲೂ ಆಗಬೇಕು ಅಂತ ನಾವು ಕೇಳುತ್ತಿದ್ದೇವೆ.

'ಉಣ್ಣಕ್ಕೆ ಗತಿಯಿಲ್ಲ, ಇವರಿಗೆ ಆಟ ಬೇರೆ' ಅನ್ನುವವರಿದ್ದಾರೆ. ನಮ್ಮೊಳಗೂ ಇದ್ದಾರೆ. ಉಳ್ಳವರ ಆಟದ ಮುಂದೆ ಈ ಮಾತು ಯಾಕೆ ಬಾಯಿಗೆ ಬರುವುದಿಲ್ಲ? ಬೆಂಗಳೂರು ಗಾಲ್ಫ್ ಕ್ಲಬ್ ಹುಟ್ಟಿದ್ದು 1876ರಲ್ಲಿ. ಅದೇ ವರ್ಷ ಧಾತು-ಈಶ್ವರ ಬರ ಶುರುವಾಗಿ, 1878ರ ಹೊತ್ತಿಗೆ ಮೈಸೂರು ಸೀಮೆಯಲ್ಲಿ ಲಕ್ಷಗಟ್ಟಲೆ ಜನ ಸತ್ತರು. ಬರ ಕಳೆಯಲಿ, ಆಮೇಲೆ ಆಟ ಅಂತ ದೊರೆಗಳು ಕಾಯಲಿಲ್ಲ. ಇವತ್ತು ಮೈಸೂರಿನ ರೇಸ್‌ಕೋರ್ಸಿನ ನಡುವೆ ಗಾಲ್ಫಿನ ಹುಲ್ಲು ಹಸಿರಾಗಿದೆ. ಹಸಿದವನು ಆಡಬಾರದು ಅನ್ನೋ ಶಾಸ್ತ್ರ ನಮಗೆ ಮಾತ್ರ ಬರೆದದ್ದೇ?

'ಆಟದಲ್ಲಿ ಜಾತಿ ಎಲ್ಲಿದೆ' ಅನ್ನುವವರು ಪಾಲ್ವಂಕರ್ ಬಾಲೂ ಹೆಸರು ಕೇಳಿದ್ದಾರೆಯೇ? ಪುಣೆಯ ಯುರೋಪಿಯನ್ನರ ಕ್ಲಬ್ಬಿನಲ್ಲಿ ಪಿಚ್ ಹದ ಮಾಡುತ್ತಿದ್ದ ಚಮ್ಮಾರರ ಮಗ. ದಿನವೆಲ್ಲ ಬೌಲಿಂಗ್ ಮಾಡಿಸಿಕೊಂಡರು, ಬ್ಯಾಟು ಕೊಡಲಿಲ್ಲ. ಹಿಂದೂ ತಂಡಕ್ಕೆ ಸೇರಿಸಿಕೊಂಡ ಮೇಲೂ ಟೀ ಸಿಕ್ಕಿದ್ದು ಪೆವಿಲಿಯನ್ನಿನ ಹೊರಗೆ, ಬೇರೆ ಲೋಟದಲ್ಲಿ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ಕಿತ್ತರು. ಆದರೂ ಹಿಂದೂ ತಂಡದ ನಾಯಕಪಟ್ಟ ಅವರಿಗೆ ಕೊನೆಗೂ ಕಟ್ಟಲಿಲ್ಲ. ಆ ಆಟಕ್ಕೆ ಅಷ್ಟು ಹೊತ್ತಿಗಾಗಲೇ ಯಜಮಾನರಿದ್ದರು.

ಈ ಹೊಸ ಆಟಕ್ಕೆ ನಮ್ಮ ಕಡೆ ಇನ್ನೂ ಯಜಮಾನರಿಲ್ಲ. ಅವರು ಹುಟ್ಟುವ ಮೊದಲೇ ನಾವು ಒಳಗೆ ಹೋಗಬೇಕು. ನಮ್ಮ ಮಾತಿನ ತಿರುಳು ಇಷ್ಟೇ.

ಪಾರ್ಕು ಯಾರಪ್ಪನ ಆಸ್ತಿ? ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ, ಜನ ಸೇರುವ ಜಾಗ ಎಲ್ಲರದ್ದು ಅಂತ ಸಂವಿಧಾನದ 15(2)ನೇ ವಿಧಿ ಸಾರಿದೆ. ಈಗ ಯಾರೂ ಗೇಟಿನಲ್ಲಿ ನಿಂತು ಜಾತಿ ಕೇಳುವುದಿಲ್ಲ. ನಾಲ್ಕು ಜನ ಹಾಸ್ಟೆಲ್ ಐಕ್ಲು ಬೆಂಚಿನ ಮೇಲೆ ಕೂತರೆ, 'ಯಾವೂರ್ಲಾ? ಯಾವ ಬೀದಿಲಾ?' ಅಂತಾರೆ. ಬೀದಿ ಕೇಳೋದು ಅಂದರೆ ಜಾತಿ ಕೇಳೋದೇ. 1927ರಲ್ಲಿ ಬಾಬಾಸಾಹೇಬರು ಮಹಾಡದ ಕೆರೆಗೆ ಇಳಿದದ್ದು ಬರೀ ಬಾಯಾರಿಕೆಗಲ್ಲ. ನಾವು ಪಾರ್ಕಿಗೆ ಹೋಗುವುದೂ ಬರೀ ಆಟಕ್ಕಲ್ಲ.

ಹಾಗಂತ ಕಣ್ಣು ಮುಚ್ಚಿ ಕೇಳುತ್ತಿಲ್ಲ. ಆಟದ ತಟ್ಟೆ ಗಟ್ಟಿ, ತಲೆಗೆ ತಗುಲಿದರೆ ಪೆಟ್ಟಾಗುತ್ತದೆ. ವಯಸ್ಸಾದವರು ನಡೆಯೋ ದಾರಿ, ಕೂಸುಗಳ ಜೋಕಾಲಿ ಬಿಟ್ಟು ಬುಟ್ಟಿ ನೆಡಬೇಕು. ಜಾಗ ಸಣ್ಣದಾದರೆ ಮೂರೇ ಬುಟ್ಟಿ ಸಾಕು. ಮರ ಕಡಿಯೋದು ಬೇಡ; ಈ ಆಟಕ್ಕೆ ಮರ ಇದ್ದರೇ ಚೆಂದ.

ನಮ್ಮ ಹಕ್ಕೊತ್ತಾಯ ಇವು. ಒಂದು, ಟಿಕೆಟ್ಟಿಲ್ಲ, ಸದಸ್ಯತ್ವವಿಲ್ಲ, ಬೇಲಿಯಿಲ್ಲ. ಎರಡು, ತಟ್ಟೆಗಳನ್ನು ನಗರಸಭೆ, ಪುರಸಭೆಯವರೇ ಇಟ್ಟು ಆಡಲು ಕೊಡಬೇಕು. ಮೂರು, ಹೆಣ್ಣುಮಕ್ಕಳ ಹಾಸ್ಟೆಲಿಗೂ ಹೊತ್ತು ಗೊತ್ತು ಮಾಡಬೇಕು; ಅಂಗಳವೇ ಇಲ್ಲದ ಹಾಸ್ಟೆಲುಗಳು ಎಷ್ಟೋ ಇವೆ. ನಾಲ್ಕು, ಖರ್ಚು ಸಾಮಾನ್ಯ ನಿಧಿಯಿಂದಲೇ ಆಗಬೇಕು. ಎಲ್ಲರೂ ಓಡಾಡುವ ಕಾಮಗಾರಿಗೆ ನಮ್ಮ ಪಾಲಿನ ದುಡ್ಡಿನ ಲೆಕ್ಕ ತೋರಿಸೋಕೆ 2013ರ ಉಪಯೋಜನೆ ಕಾಯಿದೆಯ 7(ಡಿ) ಕಲಂ ಕಿಂಡಿ ಬಿಟ್ಟಿತ್ತು. ಅದನ್ನು ಮುಚ್ಚಿಸೋಕೆ 2023ರವರೆಗೆ ಕಾಯಬೇಕಾಯಿತು. ಮತ್ತೆ ಆ ಆಟ ಬೇಡ.

ಗೆಳೆಯರೇ, ಅರ್ಜಿಗೆ ಸಹಿ ಹಾಕಿ. ಆದರೆ ಬುಟ್ಟಿ ಬರೋ ತನಕ ಕಾಯಬೇಡಿ. ನಮ್ಮವ್ವಂದಿರು ಉಳ್ಳವರ ಕೊಟ್ಟಿಗೆಯ ಸಗಣಿ ಹೊತ್ತ ಮಂಕರಿ ಇದೆಯಲ್ಲ, ಅದೇ ಬುಟ್ಟಿ. ಒಂದು ಮೆತ್ತನೆಯ ಪ್ಲಾಸ್ಟಿಕ್ ತಟ್ಟೆ ಹಿಡಿದು ಈ ಭಾನುವಾರ ಪಾರ್ಕಿಗೆ ನಡೀರಿ. ಯಾರಾದರೂ 'ಯಾವ ಬೀದಿಲಾ' ಅಂದರೆ ತಲೆ ತಗ್ಗಿಸಬೇಡಿ.

'ಇದೇ ಪಾರ್ಕಿನೋರು' ಅನ್ನಿ. ಅಂದು, ಎಸೆಯಿರಿ.

ಜೈಭೀಮ್.