ನಾಲ್ಕು ಹೆಜ್ಜೆ ಹಿಂದೆ ನಿಂತವನು

ಪ್ರತಿಭೆ ಇದ್ದವನು ಎಲ್ಲಿ ಹಾಕಿದರೂ ಬೆಳೆಯುತ್ತಾನೆ ಎಂಬ ಮಾತನ್ನು ನಾವು ಶಾಲೆಯಿಂದ ಕಚೇರಿಯವರೆಗೆ ಸಲೀಸಾಗಿ ಆಡುತ್ತೇವೆ. ಬೆಳೆಯಲಿಲ್ಲವೆಂದರೆ ತಪ್ಪು ಅವನದೇ: ಶ್ರಮ ಸಾಲದು, ಹಟ ಸಾಲದು, ಇನ್ನೇನೋ ಸಾಲದು. ಇಟಲಿಯ ಆಂಡ್ರಿಯಾ ಪಿರ್ಲೊ ಎಂಬ ಫುಟ್‌ಬಾಲ್ ಆಟಗಾರನ ಇಪ್ಪತ್ತೆರಡು ವರ್ಷಗಳ ಆಟ ಈ ಮಾತನ್ನು ಒಪ್ಪಲು ಬಿಡುವುದಿಲ್ಲ.

1979ರಲ್ಲಿ ಬ್ರೆಷಾ ನಗರದ ಪಕ್ಕದ ಫ್ಲೇರೊದಲ್ಲಿ ಹುಟ್ಟಿದ ಹುಡುಗ ಹದಿನಾರು ತುಂಬುತ್ತಿದ್ದಂತೆಯೇ ಬ್ರೆಷಾ ತಂಡಕ್ಕಾಗಿ ಇಟಲಿಯ ಮೊದಲ ದರ್ಜೆಯ ಲೀಗ್‌ನಲ್ಲಿ ಆಡಿದ. 1998ರಲ್ಲಿ ಇಂಟರ್ ಮಿಲಾನ್ ಅವನನ್ನು ಕೊಂಡಿತು. ಆಗ ಅವನು ಮುಂಪಡೆಯ ಬೆನ್ನಿಗೇ ನಿಂತು ಆಡುವ ‘ಹತ್ತನೇ ನಂಬರಿನ’ ಆಟಗಾರ. ಆ ಜಾಗದಲ್ಲಿ ಬೆನ್ನಿಗೆ ಸದಾ ಒಬ್ಬ ಎದುರಾಳಿ ಅಂಟಿಕೊಂಡಿರುತ್ತಾನೆ. ಚೆಂಡು ಬಂದ ಕೂಡಲೇ ಗಿರ್ರನೆ ತಿರುಗಿ ನುಗ್ಗಬೇಕು. ಪಿರ್ಲೊನ ಕಾಲು ನಿಧಾನ. ಇಂಟರ್ ಅವನನ್ನು ಒಂದು ವರ್ಷ ರೆಜ್ಜಿನಾಗೆ ಎರವಲು ಕೊಟ್ಟಿತು, 2001ರಲ್ಲಿ ಮತ್ತೆ ಬ್ರೆಷಾಗೇ ಕಳಿಸಿತು. ಇಪ್ಪತ್ತೊಂದಕ್ಕೇ ಮುಗಿದ ಕಥೆಯಂತೆ ಕಾಣುತ್ತಿತ್ತು.

ಬ್ರೆಷಾದಲ್ಲಿ ಆಗ ಕಾರ್ಲೊ ಮಾಝೋನೆ ಎಂಬ ಹಳೆಯ ಹುಲಿ ಕೋಚ್. ಹತ್ತನೇ ನಂಬರಿನ ಜಾಗದಲ್ಲಿ ಇಟಲಿಯ ಆರಾಧ್ಯ ಆಟಗಾರ ರೊಬೆರ್ಟೊ ಬಾಜ್ಜೊ. ಅವನನ್ನು ಎಬ್ಬಿಸಿ ಇವನನ್ನು ಕೂರಿಸುವ ಮಾತೇ ಇರಲಿಲ್ಲ. ಹಾಗಾಗಿ ಮಾಝೋನೆ ಪಿರ್ಲೊನನ್ನು ಹಿಂದಕ್ಕೆ, ಡಿಫೆನ್ಸಿನ ಎದುರಿಗೇ ನಿಲ್ಲಿಸಿದ. ಸಾಮಾನ್ಯವಾಗಿ ಎದುರಾಳಿಯ ಆಟ ಕೆಡಿಸುವ ಗಟ್ಟಿ ಆಳಿಗೆ ಮೀಸಲಾದ ಜಾಗ ಅದು. ಅಲ್ಲಿ ಇಡೀ ಮೈದಾನ ಕಣ್ಣೆದುರಿಗೇ ಬಿಚ್ಚಿಕೊಳ್ಳುತ್ತದೆ, ಎದುರಾಳಿ ಹತ್ತಿರ ಬರುವ ಮುಂಚೆ ಒಂದೆರಡು ಕ್ಷಣ ಹೆಚ್ಚಾಗಿ ಸಿಗುತ್ತವೆ. ನಿಧಾನದ ಕಾಲಿಗೆ ಅಷ್ಟು ಸಾಕಾಯಿತು. 2001ರ ಏಪ್ರಿಲ್ 1ರಂದು ಟುರಿನ್‌ನಲ್ಲಿ ಯುವೆಂಟಸ್ ವಿರುದ್ಧ ಅವನು ಹಿಂದಿನಿಂದ ಎತ್ತಿ ಕೊಟ್ಟ ಉದ್ದನೆಯ ಪಾಸ್ ಡಿಫೆಂಡರುಗಳ ತಲೆ ದಾಟಿ ಬಾಜ್ಜೊನ ಕಾಲಿಗೆ ಬಂತು. ಬಾಜ್ಜೊ ಒಂದೇ ಸ್ಪರ್ಶದಲ್ಲಿ ಗೋಲ್‌ಕೀಪರ್ ವಾನ್ ಡೆರ್ ಸಾರ್‌ನನ್ನು ದಾಟಿಬಿಟ್ಟ. ಜನ ಇಂದಿಗೂ ಹೊಗಳುವುದು ಬಾಜ್ಜೊನ ಆ ಸ್ಪರ್ಶವನ್ನು. ನಾನು ಆ ಪಾಸನ್ನೇ ತಿರುತಿರುಗಿ ನೋಡಿದ್ದೇನೆ.

ಇಟಲಿಯವರು ಈ ಜಾಗದ ಆಟಗಾರನನ್ನು ‘ರೆಜಿಸ್ತಾ’ ಎನ್ನುತ್ತಾರೆ. ಅವರ ಭಾಷೆಯಲ್ಲಿ ಸಿನಿಮಾ ನಿರ್ದೇಶಕನಿಗೂ ಅದೇ ಪದ. ನಮ್ಮ ಕರಾವಳಿಯವರಾದರೆ ಯಕ್ಷಗಾನದ ಭಾಗವತ ಎನ್ನುತ್ತಿದ್ದರೇನೋ.

ಅದೇ ವರ್ಷ ಎಸಿ ಮಿಲಾನ್ ಅವನನ್ನು ಕೊಂಡಿತು. ಕೋಚ್ ಅಂಚೆಲೊಟ್ಟಿ ಅದೇ ಹಿಂದಿನ ಜಾಗ ಕೊಟ್ಟ, ಪಕ್ಕದಲ್ಲಿ ಗಟ್ಟೂಸೊನನ್ನು ನಿಲ್ಲಿಸಿದ. ಓಡುವುದು, ಗುದ್ದಾಡುವುದು, ಚೆಂಡು ಕಸಿದು ತಂದುಕೊಡುವುದು ಗಟ್ಟೂಸೊನ ಪಾಲು. ಅದನ್ನು ಎಲ್ಲಿಗೆ ಕಳಿಸಬೇಕೆಂದು ನೋಡುವುದು ಪಿರ್ಲೊನ ಪಾಲು. 2003 ಮತ್ತು 2007ರಲ್ಲಿ ಯುರೋಪಿನ ಚಾಂಪಿಯನ್ಸ್ ಲೀಗ್ ಪ್ರಶಸ್ತಿ ಬಂತು. ಒಬ್ಬನ ಕಣ್ಣಿನ ಹಿಂದೆ ಇನ್ನೊಬ್ಬನ ಬೆವರಿತ್ತು ಎಂಬುದನ್ನು ಪಿರ್ಲೊನ ಭಕ್ತರು ಬೇಗ ಮರೆಯುತ್ತಾರೆ. ಆ ಜಾಗ ಕೈತಪ್ಪಿದ್ದೂ ಉಂಟು: 2010ರ ಮಾರ್ಚ್‌ನಲ್ಲಿ ಓಲ್ಡ್ ಟ್ರಾಫರ್ಡ್ ಮೈದಾನದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನ ಪಾರ್ಕ್ ಜಿ ಸಂಗ್ ಪಿರ್ಲೊನ ಬೆನ್ನು ಬಿಡದೆ ಆ ಒಂದೆರಡು ಕ್ಷಣಗಳನ್ನು ಕಿತ್ತುಕೊಂಡ. ಮಿಲಾನ್ 4–0ಯಿಂದ ಸೋತಿತು. ಮನುಷ್ಯ ಅವನೇ, ಕಣ್ಣು ಅದೇ. ಜಾಗ ಮಾತ್ರ ಇಕ್ಕಟ್ಟಾಯಿತು.

ಜಾಗ ಇದ್ದಾಗ ಏನಾಗುತ್ತದೆಂದು 2006ರ ಜುಲೈ 4ರ ಡಾರ್ಟ್‌ಮಂಡ್ ತೋರಿಸಿತ್ತು. ವಿಶ್ವಕಪ್ ಸೆಮಿಫೈನಲ್, ಎದುರಿಗೆ ಆತಿಥೇಯ ಜರ್ಮನಿ, 119ನೇ ನಿಮಿಷ, ಗೋಲಿಲ್ಲ. ನಮ್ಮಲ್ಲಿ ಆಗ ರಾತ್ರಿ ಮೂರರ ಹತ್ತಿರ. ಕಾರ್ನರ್‌ನಿಂದ ಹೊರಬಿದ್ದ ಚೆಂಡು ಪೆನಾಲ್ಟಿ ಪ್ರದೇಶದ ಅಂಚಿನಲ್ಲಿ ಪಿರ್ಲೊನ ಕಾಲಿಗೆ ಸಿಕ್ಕಿತು. ಅವನು ಹೊಡೆಯಲಿಲ್ಲ. ಚೆಂಡನ್ನು ಅಡ್ಡಡ್ಡ ತಳ್ಳಿಕೊಂಡು ನಾಲ್ಕು ಹೆಜ್ಜೆ ನಡೆದ. ಹೊಡೆಯುತ್ತಾನೆಂದು ಜರ್ಮನರು ಅವನ ಕಡೆಗೇ ವಾಲಿದರು. ಎಲ್ಲೋ ನೋಡುತ್ತ, ಅವರ ನಡುವಿನ ಸಂದಿಯಲ್ಲಿ ಚೆಂಡನ್ನು ಫಾಬಿಯೊ ಗ್ರೊಸ್ಸೊಗೆ ಜಾರಿಸಿಬಿಟ್ಟ. ಎಡಗಾಲಿನ ಗ್ರೊಸ್ಸೊ ನಿಲ್ಲಿಸದೆ ಹೊಡೆದ ಚೆಂಡು ಬಳುಕುತ್ತ ಹೋಗಿ ಬಲೆ ಸೇರಿತು. ಐದು ದಿನದ ಮೇಲೆ ಬರ್ಲಿನ್‌ನಲ್ಲಿ ಇಟಲಿ ವಿಶ್ವಕಪ್ ಎತ್ತಿತು. ಫೈನಲ್‌ನ ಶ್ರೇಷ್ಠ ಆಟಗಾರ ಪಿರ್ಲೊ.

ಮಾಝೋನೆ ಅಲ್ಲದಿದ್ದರೆ ಇನ್ನೊಬ್ಬರು ಅವನನ್ನು ಗುರುತಿಸುತ್ತಿದ್ದರು, ನಿಜವಾದ ಪ್ರತಿಭೆ ಹೇಗೋ ದಾರಿ ಹುಡುಕಿಕೊಳ್ಳುತ್ತದೆ ಎಂದು ಯಾರಾದರೂ ಹೇಳಬಹುದು. ಈ ವಾದಕ್ಕೊಂದು ಅನುಕೂಲವಿದೆ: ದಾರಿ ಸಿಕ್ಕವರ ಹೆಸರಷ್ಟೇ ನಮಗೆ ಗೊತ್ತಿರುತ್ತದೆ. ಇಪ್ಪತ್ತೊಂದಕ್ಕೆ ಎರವಲು ಹೋಗಿ, ‘ನಿಧಾನದವನು’ ಎನಿಸಿಕೊಂಡು, ತನ್ನ ಜಾಗದಲ್ಲಿ ಬಾಜ್ಜೊನಂಥವನು ಕೂತಿರುವ ಅದೃಷ್ಟವಿಲ್ಲದೆ ಮರೆಯಾದ ಹುಡುಗರ ಪಟ್ಟಿಯನ್ನು ಯಾರೂ ಇಟ್ಟಿಲ್ಲ. ಶ್ರಮ ಬೇಡವೆಂದಲ್ಲ. ಬ್ರೆಜಿಲ್‌ನ ಜುನಿನ್ಯೊ ಫ್ರೀ ಕಿಕ್ ಹೊಡೆಯುವ ರೀತಿಯನ್ನು ಪಿರ್ಲೊ ಪಾಠದಂತೆ ಕಲಿತವನು. ಆದರೆ ಶ್ರಮಕ್ಕೂ ನಿಲ್ಲಲು ನೆಲ ಬೇಕು.

ಮಿಲಾನ್ ಕೂಡ ಇದನ್ನು ಮರೆಯಿತು. ಕೋಚ್ ಅಲ್ಲೆಗ್ರಿಗೆ ಡಿಫೆನ್ಸಿನ ಮುಂದೆ ಗಟ್ಟಿ ಆಳು ಬೇಕಿತ್ತು. 2011ರಲ್ಲಿ, ಮೂವತ್ತೆರಡರ ಪಿರ್ಲೊನನ್ನು ಕ್ಲಬ್ ಕೈಬಿಟ್ಟಿತು. ಯುವೆಂಟಸ್ ವರ್ಗಾವಣೆಗೆಂದು ಬಿಡಿಗಾಸೂ ಕೊಡದೆ ಅವನನ್ನು ಕರೆದುಕೊಂಡು, ಅವನ ಜಾಗದಲ್ಲೇ ನಿಲ್ಲಿಸಿತು. ಮೊದಲ ವರ್ಷವೇ 38 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಲೀಗ್ ಗೆದ್ದಿತು; ಎರಡನೆಯ ಸ್ಥಾನದಲ್ಲಿದ್ದುದು ಮಿಲಾನ್. ಒಟ್ಟು ನಾಲ್ಕು ವರ್ಷ, ನಾಲ್ಕು ಲೀಗ್ ಪ್ರಶಸ್ತಿ. ನಾಲ್ಕನೆಯದರ ಹೊತ್ತಿಗೆ ಯುವೆಂಟಸ್‌ನ ಕೋಚ್ ಆಗಿದ್ದವನು ಅಲ್ಲೆಗ್ರಿಯೇ!

ಆಟ ನಿಲ್ಲಿಸಿದ ನಂತರ, 2020ರ ಆಗಸ್ಟ್‌ನಲ್ಲಿ, ಒಂದೇ ಒಂದು ಪಂದ್ಯಕ್ಕೂ ಕೋಚ್ ಆಗಿರದ ಪಿರ್ಲೊಗೆ ಯುವೆಂಟಸ್ ತನ್ನ ಮುಖ್ಯ ತಂಡವನ್ನೇ ಒಪ್ಪಿಸಿತು. ಮೈದಾನವನ್ನು ಅಷ್ಟು ಚೆನ್ನಾಗಿ ಓದಿದವನು ಗೆರೆಯ ಹೊರಗಿನಿಂದಲೂ ಓದಬಲ್ಲ ಎಂಬ ಲೆಕ್ಕಾಚಾರ. ಇಟಲಿ ಕಪ್ ಬಂತು ನಿಜ, ಆದರೆ ಸತತ ಒಂಬತ್ತು ವರ್ಷ ಲೀಗ್ ಗೆದ್ದಿದ್ದ ತಂಡ ನಾಲ್ಕನೆಯ ಸ್ಥಾನಕ್ಕಿಳಿಯಿತು. 2021ರ ಮೇ ತಿಂಗಳಲ್ಲಿ ಕ್ಲಬ್ ಅವನನ್ನು ತೆಗೆದುಹಾಕಿತು. ಆ ಜಾಗಕ್ಕೆ ಕರೆಸಿಕೊಂಡದ್ದು ಅಲ್ಲೆಗ್ರಿಯನ್ನು.