ಎರಡು ಕೀಲಿಯ ಯಂತ್ರ

ನಮ್ಮ ಹಿತ್ತಿಲ ಶೆಡ್ಡಿನಲ್ಲಿ ಒಂದು ಹಳೆಯ ಡ್ರಿಲ್ಲಿಂಗ್ ಮೆಷಿನ್ ಇದೆ. ಕೈಯಲ್ಲಿ ಹಿಡಿದು ಗೋಡೆಗೆ ತೂತು ಹಾಕುವಂಥದ್ದಲ್ಲ. ಮೇಜಿನ ಮೇಲೆ ಕಬ್ಬಿಣದ ಕಂಬದ ಆಸರೆಯಲ್ಲಿ ನಿಂತು, ಹಿಡಿಕೆ ಎಳೆದರೆ ಮೇಲಿನಿಂದ ನೆಟ್ಟಗೆ ಇಳಿದು ಕೊರೆಯುವಂಥದ್ದು. ನಾನು ಬ್ಯಾಂಕಿನಿಂದ ನಿವೃತ್ತನಾದ ವರ್ಷ, ಬಾಗಿಲು ಹಾಕುತ್ತಿದ್ದ ಒಂದು ವರ್ಕ್‌ಶಾಪಿನಿಂದ ಅದನ್ನು ತಂದೆ. ಜೀವಮಾನವಿಡೀ ಲೆಡ್ಜರ್ ಬರೆದ ಕೈಗೆ ಕಬ್ಬಿಣದ ರುಚಿ ಹತ್ತಿತು.

ಎರಡು ವರ್ಷದ ಹಿಂದೆ ಒಂದು ಕಬ್ಬಿಣದ ಪಟ್ಟಿಯನ್ನು ಬರಿಗೈಯಲ್ಲಿ ಒತ್ತಿಹಿಡಿದು ತೂತು ಹಾಕುತ್ತಿದ್ದೆ. ಬಿಟ್ ಆಚೆ ಬದಿಗೆ ಹೊರಬೀಳುವ ಗಳಿಗೆಯಲ್ಲಿ ಪಟ್ಟಿಯನ್ನು ಕಚ್ಚಿಕೊಂಡಿತು. ಪಟ್ಟಿ ಗಿರ್ರನೆ ತಿರುಗಿ ನನ್ನ ಎಡ ಹೆಬ್ಬೆರಳನ್ನು ಸೀಳಿತು. ಐದು ಹೊಲಿಗೆ. ನಮ್ಮಾಕೆ ಅವತ್ತೇ ಶೆಡ್ಡಿಗೆ ಬೀಗ ಹಾಕಿ, ಕೀಲಿಯನ್ನು ಸಾಸಿವೆ ಡಬ್ಬದಲ್ಲಿ ಇಟ್ಟುಬಿಟ್ಟಳು.

ಈ ಬೇಸಿಗೆ ರಜೆಗೆ ಏಳನೇ ತರಗತಿಯ ಮೊಮ್ಮಗಳು ಬಂದಳು. ಅಜ್ಜಿಯ ತವರಿನ ಅಳಗುಳಿಮಣೆ ಗೆದ್ದಲು ತಿಂದು ಹೋದ ಕತೆ ಕೇಳಿದವಳೇ, "ತಾತ, ನಾವೇ ಒಂದು ಮಾಡೋಣ. ನಿಮ್ಮ ಮೆಷಿನ್ ಇದೆಯಲ್ಲ?" ಅಂದಳು. ನಾನು ಸಾಸಿವೆ ಡಬ್ಬದ ಕಡೆ ನೋಡಿದೆ. "ಮೊದಲು ಆ ಮೆಷಿನ್ನಿಗೆ ಬುದ್ಧಿ ಕಲಿಸ್ರೀ, ಆಮೇಲೆ ಮಗೂನ ಹತ್ತಿರ ಬಿಡಿ" ಎಂದಳು ನಮ್ಮಾಕೆ.

ಬುದ್ಧಿ ಕಲಿಯಬೇಕಾದದ್ದು ಯಂತ್ರವಲ್ಲ, ನಾನು. ಆದರೂ ಹದಿನೈದು ದಿನ ಕೂತು ಯಂತ್ರಕ್ಕೆ ಒಂದೊಂದೇ ಸುಧಾರಣೆ ಮಾಡಿದೆ. ಪ್ರತಿಯೊಂದರ ಹಿಂದೆಯೂ ನನ್ನ ಒಂದು ತಪ್ಪಿದೆ.

ಮೊದಲನೆಯದು ಹಲಗೆ. ಯಂತ್ರದ ಕಬ್ಬಿಣದ ಮೇಜು ಅಂಗೈ ಅಗಲದ್ದು. ಅದರ ಮೇಲೆ ದೊಡ್ಡ ಮರದ ತುಂಡು ನಿಲ್ಲದು. 18 ಮಿ.ಮೀ. ಪ್ಲೈವುಡ್ ಹಲಗೆಯನ್ನು ಬೋಲ್ಟ್ ಹಾಕಿ ಅದಕ್ಕೆ ಬಿಗಿದೆ. ಹಿಂಬದಿಗೆ ಒಂದು ನೇರವಾದ ರೀಪನ್ನು ಕ್ಲಾಂಪಿನಿಂದ ಹಿಡಿಸಿದೆ. ಮರವನ್ನು ಅದಕ್ಕೆ ಒರಗಿಸಿ ಸರಿಸುತ್ತಾ ಹೋದರೆ ತೂತುಗಳೆಲ್ಲ ಒಂದೇ ಸಾಲಿನಲ್ಲಿ ಬೀಳುತ್ತವೆ. ಇನ್ನೊಂದು ಪಾಠ: ಮೇಲಿನಿಂದ ನೋಡಿದರೆ ಬಿಟ್ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಉದ್ದದ ಪಟ್ಟಿಯ ಎಡತುದಿ ಯಂತ್ರದ ಕಂಬಕ್ಕೆ ತಾಗಿದ್ದರೆ, ಬಿಟ್ ಅದನ್ನು ಕಚ್ಚಿಕೊಂಡರೂ ಕಂಬವೇ ತಡೆಯುತ್ತದೆ. ಇಷ್ಟು ಗೊತ್ತಿದ್ದರೆ ನನ್ನ ಹೆಬ್ಬೆರಳು ಉಳಿಯುತ್ತಿತ್ತು. ಈಗ ಎಂಥ ಸಣ್ಣ ತುಂಡಾದರೂ ಕ್ಲಾಂಪ್ ಇಲ್ಲದೆ ಕೊರೆಯುವಂತಿಲ್ಲ.

ಎರಡನೆಯದು ಓರೆ ತೆಗೆಯುವುದು. ಒಂದು ಗಟ್ಟಿ ತಂತಿಯನ್ನು ಕೊಕ್ಕೆಯಂತೆ ಬಗ್ಗಿಸಿ, ಪ್ಲಗ್ ಕಿತ್ತು, ಬಿಟ್ ಇರಬೇಕಾದ ಜಾಗದಲ್ಲಿ ಸಿಕ್ಕಿಸಿದೆವು. ಅದರ ತುದಿ ಹಲಗೆಗೆ ಒಂದು ಕಡೆ ಸವರುವಂತೆ ಇಟ್ಟು, ಕೈಯಲ್ಲಿ ಒಂದು ಸುತ್ತು ತಿರುಗಿಸಿದೆವು. ಬಲಗಡೆ ತುದಿಯ ಅಡಿ ಅಂಚೆ ಕಾರ್ಡು ತೂರುವಷ್ಟು ಸಂದು! ಮೇಜಿನ ಬೋಲ್ಟ್ ಸಡಿಲಿಸಿ, ಸುತ್ತಲೂ ಒಂದೇ ಸಮ ತಾಗುವವರೆಗೆ ಸರಿಮಾಡಿದೆವು. ಖರ್ಚು ಸೊನ್ನೆ.

ಮೂರನೆಯದು ವೇಗದ ಪಟ್ಟಿ. ಮಕ್ಕಳೇ, ಪೆನ್ಸಿಲ್ ಹಿಡಿಯಿರಿ. ನಮ್ಮ ಮೋಟಾರು ನಿಮಿಷಕ್ಕೆ 1440 ಸುತ್ತು ಸುತ್ತುತ್ತದೆ. ಮೆಟ್ಟಿಲು ಮೆಟ್ಟಿಲಾಗಿರುವ ಎರಡು ಪುಲ್ಲಿಗಳ ನಡುವೆ ಬೆಲ್ಟ್ ಓಡುತ್ತದೆ. ಬೆಲ್ಟನ್ನು ಮೋಟಾರಿನ 2 ಇಂಚಿನ ಮೆಟ್ಟಿಲಿಗೂ ಬಿಟ್ ಕಡೆಯ 5 ಇಂಚಿನ ಮೆಟ್ಟಿಲಿಗೂ ಹಾಕಿದರೆ ಬಿಟ್ಟಿನ ವೇಗ 1440 × 2 ÷ 5, ಅಂದರೆ 576 ಸುತ್ತು. ಅದಲು ಬದಲು ಮಾಡಿದರೆ 3600. ಸಣ್ಣ ಬಿಟ್ಟಿಗೆ ಹೆಚ್ಚು ವೇಗ, ದಪ್ಪ ಬಿಟ್ಟಿಗೆ ಕಡಿಮೆ ವೇಗ. ಏಕೆಂದರೆ ಸುತ್ತು ಅಷ್ಟೇ ಆದರೂ ದಪ್ಪ ಬಿಟ್ಟಿನ ಅಂಚು ಹೆಚ್ಚು ದೂರ ಓಡಬೇಕು. ಕಪಾಟಿನ ಬಾಗಿಲಿನ ಹಿಂಜಿಗೆಂದು ಬಡಗಿಗಳು ಬಳಸುವ 35 ಮಿ.ಮೀ. ಬಿಟ್ ನಮ್ಮ ಗುಳಿಗಳಿಗೆ ಬೇಕಿತ್ತು. ಅದಕ್ಕೆ 576 ಸರಿ. ಮೊಮ್ಮಗಳು ಲೆಕ್ಕವನ್ನೆಲ್ಲ ಬರೆದು ಅಂಟಿಸಿದಳು. ತೆರೆದೇ ಇದ್ದ ಬೆಲ್ಟಿಗೆ ನಾನು ಪ್ಲೈವುಡ್ ಪೆಟ್ಟಿಗೆ ಮುಚ್ಚಿದೆ.

ಕೊನೆಯದು ಎಲ್ಲಕ್ಕಿಂತ ಅಗ್ಗದ್ದು, ಎಲ್ಲಕ್ಕಿಂತ ದೊಡ್ಡದು. ಬಿಟ್ಟನ್ನು ಹಿಡಿಯುವ ಚಕ್ಕನ್ನು ಒಂದು ಸಣ್ಣ ಕೀಲಿಯಿಂದ ಬಿಗಿಯಬೇಕು. ಕೀಲಿಯನ್ನು ಅಲ್ಲೇ ಮರೆತು ಸ್ವಿಚ್ ಹಾಕಿದರೆ ಅದು ಕವಣೆ ಕಲ್ಲಿನಂತೆ ಹಾರುತ್ತದೆ. ನಾನು ಒಮ್ಮೆ ಮರೆತಿದ್ದೇನೆ. ಕಿವಿಯ ಪಕ್ಕ ಹಾದುಹೋಗಿ ಗೋಡೆಯ ಗಾರೆ ಕಿತ್ತಿತು. ಮನೆಯಲ್ಲಿ ಹೇಳಿರಲಿಲ್ಲ. ಈಗ ಇದನ್ನು ಓದಿ ತಿಳಿಯುತ್ತದೆ.

ಬ್ಯಾಂಕಿನ ಸ್ಟ್ರಾಂಗ್ ರೂಮಿಗೆ ಎರಡು ಕೀಲಿ ಇರುತ್ತವೆ, ಇಬ್ಬರ ಹತ್ತಿರ. ಒಬ್ಬರೇ ತೆರೆಯುವಂತಿಲ್ಲ. ಯಾರೊಬ್ಬರಿಂದಲೂ ತಪ್ಪು ನಡೆಯದಿರಲಿ ಎಂದು. ಅದೇ ಉಪಾಯ ಇಲ್ಲಿಗೂ ತಂದೆ. ಚಕ್ಕಿನ ಕೀಲಿಯನ್ನು ಗೇಣುದ್ದದ ದಾರದಲ್ಲಿ ಯಂತ್ರದ ವೈರಿಗೆ, ಪ್ಲಗ್ಗಿನ ಪಕ್ಕದಲ್ಲೇ ಕಟ್ಟಿದೆ. ಗೋಡೆಯ ಸಾಕೆಟ್ ಆರಡಿ ದೂರದಲ್ಲಿದೆ. ಪ್ಲಗ್ ಕೀಳದೆ ಕೀಲಿ ಚಕ್ಕಿಗೆ ಎಟುಕುವುದೇ ಇಲ್ಲ.

ಕೊರೆಯುವ ದಿನ ಅಜ್ಜಿಯೇ ಬಂದು ಬಾಗಿಲಲ್ಲಿ ನಿಂತಳು. ಮೊಮ್ಮಗಳು ಜಡೆ ಎತ್ತಿ ಕಟ್ಟಿ, ಬಳೆ ತೆಗೆದಿಟ್ಟು, ಕನ್ನಡಕ ಹಾಕಿಕೊಂಡಳು. ಕೈಗವಸು ಬೇಡ, ತಿರುಗುವ ಬಿಟ್ ಅದನ್ನೂ ಸುತ್ತಿಕೊಂಡು ಕೈಯನ್ನು ಎಳೆದುಬಿಡುತ್ತದೆ. ಹಿಡಿಕೆ ಅವಳದು, ಸ್ವಿಚ್ ನನ್ನದು. ಆಳದ ಕಡ್ಡಿಗೆ ಎರಡು ನಟ್ ಬಿಗಿದಿದ್ದರಿಂದ 12 ಮಿ.ಮೀ. ಇಳಿದೊಡನೆ ಬಿಟ್ ತಾನೇ ನಿಲ್ಲುತ್ತಿತ್ತು. ಏಳು ಏಳರ ಎರಡು ಸಾಲು, ಹದಿನಾಲ್ಕು ಗುಳಿ.

ಕೆಲಸ ಮುಗಿದು ಬಿಟ್ ಬಿಚ್ಚಬೇಕಾಗಿತ್ತು. ಮಾತಿನ ಭರದಲ್ಲಿ ನಾನು ಚಕ್ಕಿನತ್ತ ಕೈ ಚಾಚಿ, "ಆ ಕೀಲಿ ಕೊಡಮ್ಮ" ಅಂದೆ. ಮೊಮ್ಮಗಳು ಗೋಡೆಯತ್ತ ಬೆರಳು ತೋರಿಸಿದಳು. "ತಾತ, ಪ್ಲಗ್ಗು!"

ಅಂದು ಸಂಜೆ ಹುಣಸೆ ಬೀಜ ಹಾಕಿ ಆಡಿದ ಮೊದಲ ಆಟ ಅಜ್ಜಿಯೇ ಗೆದ್ದಳು. ಶೆಡ್ಡಿನ ಕೀಲಿ ಈಗ ಸಾಸಿವೆ ಡಬ್ಬದಲ್ಲಿಲ್ಲ. ಬಾಗಿಲ ಪಕ್ಕದ ಮೊಳೆಗೆ ತೂಗುತ್ತಿದೆ, ಅಜ್ಜಿಯ ಕಣ್ಣಿಗೆ ಬೀಳುವ ಹಾಗೆ.