ಕೈಚಳಕವೊಂದೇ ಸಾಲದು

‘ಒಳ್ಳೆಯ ಸರ್ಜನ್ ಸಿಕ್ಕರೆ ಸಾಕು, ಉಳಿದ ತಪಾಸಣೆಗಳೆಲ್ಲ ಬಿಲ್ ಏರಿಸುವ ದಾರಿ’ ಎಂಬ ವಾದ ಅಪಾಯಕಾರಿ. ಅನಗತ್ಯ ಪರೀಕ್ಷೆಗಳನ್ನು ನಾನೂ ವಿರೋಧಿಸುತ್ತೇನೆ. ಆದರೆ ಸಕ್ಕರೆ ಕಾಯಿಲೆ, ದುರ್ಬಲ ಹೃದಯ, ರಕ್ತಹೀನತೆ ಇರುವ ವೃದ್ಧರ ಆಪರೇಷನ್ ಕೊಯ್ದು ಹೊಲಿದಲ್ಲಿಗೆ ಮುಗಿಯುವುದಿಲ್ಲ.

2012ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ, ಯುರೋಪಿನ 28 ದೇಶಗಳ 46,539 ರೋಗಿಗಳ ಅಧ್ಯಯನ ನೋಡಿ: ಶಸ್ತ್ರಚಿಕಿತ್ಸೆಯ ನಂತರ ಆಸ್ಪತ್ರೆಯಲ್ಲೇ ತೀರಿಕೊಂಡವರಲ್ಲಿ ಶೇ 73ರಷ್ಟು ಮಂದಿಯನ್ನು ಒಮ್ಮೆಯೂ ತೀವ್ರ ನಿಗಾ ಘಟಕಕ್ಕೆ ಸೇರಿಸಿರಲಿಲ್ಲ.

ಮೊದಲೇ ರಕ್ತಹೀನತೆ ಸರಿಪಡಿಸುವುದು, ಆಪರೇಷನ್ ನಡೆಯುವಾಗ ರಕ್ತದೊತ್ತಡ ಕುಸಿಯದಂತೆ ಅರಿವಳಿಕೆ ತಜ್ಞರು ಕಾಯುವುದು, ಆಮೇಲಿನ ರಾತ್ರಿಗಳಲ್ಲಿ ನರ್ಸ್ ಉಸಿರಾಟ, ಮೂತ್ರದ ಪ್ರಮಾಣ ಗಮನಿಸುವುದು, ಇವೂ ಚಿಕಿತ್ಸೆಯೇ. ದುಂದುವೆಚ್ಚವೆಂದು ಇವನ್ನು ಕೈಬಿಟ್ಟರೆ ಹೋಗುವುದು ಜೀವ.